ಟೆಂಡರ್ಡ್ ವೋಟು: ಒಂದು

ಲೋಕಸಭಾ ಚುನಾವಣೆಯ ಡ್ಯೂಟಿ ಆರ್ಡರ್ 2024ರ ಏಪ್ರಿಲ್‌ನಲ್ಲಿ ಶಾಲೆಗೆ ಬಂತು. ಹೆಡ್‌ಮಾಸ್ಟರು ಲಕೋಟೆ ಕೊಡುವಾಗಲೇ, "ಈ ಸಲ ನೀವೇ ಪಿಆರ್‌ಓ ರೀ ಮೇಡಂ" ಅಂದರು. ಪಿಆರ್‌ಓ ಅಂದರೆ ಪ್ರಿಸೈಡಿಂಗ್ ಆಫೀಸರ್. ಮತಗಟ್ಟೆಗೆ ಆ ಒಂದು ದಿನ ಅವರೇ ಯಜಮಾನರು. ಅದಕ್ಕೂ ಮುಂಚೆ ಎರಡು ಚುನಾವಣೆಗೆ ಹೋಗಿದ್ದೆ. ಬೆರಳಿಗೆ ಶಾಯಿ ಹಚ್ಚುವುದು, ರಿಜಿಸ್ಟರ್‌ನಲ್ಲಿ ಸಹಿ ಮಾಡಿಸುವುದು, ಅಷ್ಟೇ ಕೆಲಸ. ತೀರ್ಮಾನ ಏನಿದ್ದರೂ ಪಕ್ಕದ ಟೇಬಲ್‌ನವರದು. ಈ ಸಲ ಆ ಟೇಬಲ್ ನನ್ನದು.

ನಾನು ಸಿಂಧನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹದಿನಾರು ವರ್ಷದಿಂದ 'ಪ್ರಜಾಪ್ರಭುತ್ವ' ಅನ್ನೋ ಪಾಠ ಮಾಡುತ್ತಾ ಬಂದಿದ್ದೇನೆ. ಬೋರ್ಡಿನ ಮೇಲೆ 'ಒಬ್ಬರಿಗೆ ಒಂದು ಮತ, ಎಲ್ಲ ಮತಕ್ಕೂ ಒಂದೇ ಬೆಲೆ' ಅಂತ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮತದಾನದ ದಿನ, ಮೇ 7ರಂದು, ಆ ಸಾಲಿನ ಎದುರಿಗೇ ನಿಲ್ಲಬೇಕಾಯಿತು. ಅವತ್ತು ನಡೆದದ್ದನ್ನು ಇಷ್ಟು ದಿನ ಮನೆಯಲ್ಲಿ ಬಿಟ್ಟು ಎಲ್ಲೂ ಹೇಳಿರಲಿಲ್ಲ.

ನನಗೆ ಬಿದ್ದದ್ದು ಮಸ್ಕಿ ವಿಧಾನಸಭಾ ಕ್ಷೇತ್ರದ ಒಂದು ಹಳ್ಳಿ. ಸಿಂಧನೂರು, ಮಸ್ಕಿ ಎರಡೂ ರಾಯಚೂರು ಜಿಲ್ಲೆಯವು. ಆದರೆ ಲೋಕಸಭೆಗೆ ನಾವು ಕೊಪ್ಪಳ ಕ್ಷೇತ್ರದವರು. ಇದರಿಂದ ನನಗೊಂದು ಅನುಕೂಲವಾಯಿತು. ಡ್ಯೂಟಿ ಬಿದ್ದ ಊರು ನನ್ನದೇ ಲೋಕಸಭಾ ಕ್ಷೇತ್ರದೊಳಗೆ ಇದ್ದದ್ದರಿಂದ ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಸಿಕ್ಕಿತು. ಅದನ್ನು ತೋರಿಸಿ ನಾನು ಕೂತ ಮತಗಟ್ಟೆಯಲ್ಲೇ ಮಷೀನಿನಲ್ಲಿ ವೋಟು ಹಾಕಬಹುದು. ಆ ಹಾಳೆಯನ್ನು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡೆ.

ಟ್ರೈನಿಂಗ್ ಎರಡು ಸಲ ಆಯಿತು. ಮಷೀನ್ ಜೋಡಿಸುವುದು, ಸೀಲ್ ಮಾಡುವುದು, ಫಾರಂ ತುಂಬುವುದು, ಕವರ್ ಬೇರೆ ಬೇರೆ ಮಾಡುವುದು. ಎಲ್ಲರೂ ಕೇಳಿದ್ದು ಮಷೀನಿನ ಬಗ್ಗೆಯೇ. ವೋಟಿನ ಚೀಟಿ ತೋರಿಸುವ ವಿವಿಪ್ಯಾಟ್ ಕೈಕೊಟ್ಟರೆ ಏನು? ಬ್ಯಾಟರಿ ಹೋದರೆ ಏನು? ಮತದಾರರ ಗುರುತು ನೋಡುವ ಬಗ್ಗೆ ಹೇಳಿದ್ದು ಐದು ನಿಮಿಷ ಇರಬಹುದು. ಎಪಿಕ್ ಕಾರ್ಡ್, ಅಂದರೆ ವೋಟರ್ ಐಡಿ ಬೇಕು. ಇಲ್ಲದಿದ್ದರೆ ಆಧಾರ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಫೋಟೋ ಇರುವ ಪಾಸ್‌ಬುಕ್ ಹೀಗೆ ಹನ್ನೆರಡರಲ್ಲಿ ಒಂದು. ಮನೆಮನೆಗೆ ಹಂಚಿದ ವೋಟರ್ ಚೀಟಿ ಒಂದೇ ಇದ್ದರೆ ಸಾಲದು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆಯನ್ನೂ ಎಳೆದಿದ್ದೆ.

ಮೇ 6ಕ್ಕೆ ಮಸ್ಟರಿಂಗ್, ಅಂದರೆ ಸಿಬ್ಬಂದಿ ಎಲ್ಲ ಸೇರಿ ಸಾಮಾನು ತಗೊಳ್ಳುವುದು. ನಲವತ್ತು ಡಿಗ್ರಿ ದಾಟಿದ ಬಿಸಿಲು. ಶಾಮಿಯಾನದ ಕೆಳಗೆ ಕೂತು ಸಾಮಾನು ಎಣಿಸಿಕೊಂಡೆವು. ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್, ಹಸಿರು ಪೇಪರ್ ಸೀಲ್, ಅರಗು, ಮೈಸೂರಿನ ಶಾಯಿ ಬಾಟಲಿ, ಇಪ್ಪತ್ತು ಟೆಂಡರ್ಡ್ ಬ್ಯಾಲೆಟ್ ಪೇಪರ್. "ಇವು ಯಾವತ್ತೂ ಬೇಕಾಗಲ್ಲ ಮೇಡಂ, ಹಂಗೇ ವಾಪಸ್ ಹೋಗ್ತಾವ" ಅಂದರು ನಮ್ಮ ಎಪಿಆರ್‌ಓ, ಅಂದರೆ ಸಹಾಯಕ ಪ್ರಿಸೈಡಿಂಗ್ ಆಫೀಸರ್. ಅವರು ನನಗಿಂತ ಸೀನಿಯರ್ ಮೇಷ್ಟ್ರು.

ಸಂಜೆ ಬಸ್ಸು ಮಸ್ಕಿ ಊರು ದಾಟುವಾಗ ಗುಡ್ಡ ಕಾಣಿಸಿತು. ಅಶೋಕನ ಶಾಸನ ಇರುವ ಗುಡ್ಡ. 1915ರಲ್ಲಿ ಅದು ಸಿಕ್ಕ ಮೇಲೆಯೇ 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅನ್ನುವುದು ಖಚಿತವಾಯಿತು. ಇದನ್ನು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ. ಅದೇ ಶಾಸನದಲ್ಲಿ ಇನ್ನೊಂದು ಮಾತೂ ಇದೆ. ಧರ್ಮದ ದಾರಿಯಲ್ಲಿ ನಡೆಯುವುದು ದೊಡ್ಡವರಿಗೆ ಮಾತ್ರ ಆಗುವ ಕೆಲಸ ಅಂದುಕೊಳ್ಳಬೇಡಿ, ಸಣ್ಣವರಿಂದಲೂ ಆಗುತ್ತೆ, ಇಬ್ಬರಿಗೂ ಇದನ್ನು ತಿಳಿಸಿ ಅನ್ನುವ ಮಾತು. ಕಿಟಕಿ ಪಕ್ಕ ಕೂತವಳಿಗೆ ಅದು ಯಾಕೋ ನೆನಪಾಯಿತು.

ಮತಗಟ್ಟೆ ಇದ್ದದ್ದು ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಬಿಸಿಯೂಟದ ಅಕ್ಕ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಂದುಕೊಟ್ಟರು. ಬೇಡವೆಂದರೂ ಬಡಿಸಿದರು. "ವರ್ಷಾ ನಮ್ಮ ಮಕ್ಕಳಿಗೆ ಬಡಸ್ತೀವಿ, ನೀವು ಒಂದಿನ ಉಣ್ರಿ" ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಮಷೀನ್ ಪೆಟ್ಟಿಗೆಗಳು ಕಾಲ ಬಳಿ ಇದ್ದವು. ಗಂಟೆಗೊಮ್ಮೆ ಎದ್ದು ನೋಡುತ್ತಿದ್ದೆ.

ಬೆಳಗ್ಗೆ ಐದೂವರೆಗೆ ಅಣಕು ಮತದಾನ. ಅಭ್ಯರ್ಥಿಗಳ ಏಜೆಂಟರ ಎದುರಿಗೆ ಕಡಿಮೆ ಅಂದರೂ ಐವತ್ತು ವೋಟು ಹಾಕಿ, ಕ್ಲೋಸ್ ಒತ್ತಿ, ರಿಸಲ್ಟ್ ತೋರಿಸಿ, ಕ್ಲಿಯರ್ ಮಾಡಬೇಕು. ವಿವಿಪ್ಯಾಟ್ ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನು ತೆಗೆದು, ಹಿಂದೆ ಸೀಲ್ ಹೊಡೆದು, ಕಪ್ಪು ಕವರಿನಲ್ಲಿ ಹಾಕಿ ಮುಚ್ಚಬೇಕು. ಆಮೇಲೆ ಹಸಿರು ಸೀಲಿನ ಮೇಲೆ ನನ್ನ ಸಹಿ, ಏಜೆಂಟರ ಸಹಿ. ಎಲ್ಲ ಲೆಕ್ಕಕ್ಕೆ ಸರಿಯಾಗಿ ಕೂತಿತು. ಏಳಕ್ಕೆ ಬಾಗಿಲು ತೆಗೆದಾಗ ನನಗೆ ಹೆಮ್ಮೆಯೇ ಆಗಿತ್ತು.

ಬಿಸಿಲೇರುವ ಮುಂಚೆ ಮುಗಿಸಿಬಿಡೋಣ ಅಂತ ಹೆಂಗಸರೆಲ್ಲ ಒಟ್ಟಿಗೆ ಬಂದರು. ಎಂಟೂವರೆಗೆ ಸಾಲು ಗೇಟು ದಾಟಿತ್ತು. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅಂಥವರ ಜೊತೆ ಹದಿನೆಂಟು ತುಂಬಿದ ಒಬ್ಬರು ಹೋಗಬಹುದು. ಆದರೆ ಒಬ್ಬರು ಆ ದಿನ ಒಬ್ಬರಿಗೆ ಮಾತ್ರ ಜೊತೆಯಾಗಬಹುದು. ಹಾಕಿದ ವೋಟನ್ನು ಗುಟ್ಟಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು. ಮೊಮ್ಮಗಳಿಂದ ಬರೆಸಿಕೊಂಡು ಒಳಗೆ ಬಿಟ್ಟೆ. ಅಜ್ಜಿ ಹೊರಗೆ ಬಂದು ಶಾಯಿ ಹಚ್ಚಿದ ಬೆರಳನ್ನು ಸೆರಗಿನಿಂದ ಮುಚ್ಚಿಕೊಂಡಳು, ಒರೆಸಿ ಹೋಗಬಾರದು ಅಂತ. ನಮ್ಮ ಅಜ್ಜಿಯೂ ಹೀಗೇ. ಅವಳು ಹುಟ್ಟಿದಾಗ ನಮ್ಮ ರಾಯಚೂರು ಸೀಮೆ ನಿಜಾಮನ ಕೈಯಲ್ಲಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಅದು ಮುಗಿಯಿತು. 1952ರಲ್ಲಿ ಮೊದಲ ಸಲ ವೋಟು ಹಾಕಲು ತಲೆಸ್ನಾನ ಮಾಡಿ, ಹೊಸ ಸೀರೆ ಉಟ್ಟು ಹೋಗಿದ್ದಳಂತೆ. ಸಾಯುವ ತನಕ ಅದನ್ನು ಹಬ್ಬದ ಹಾಗೆ ಹೇಳುತ್ತಿದ್ದಳು.

ಅದೇ ಗದ್ದಲದಲ್ಲಿ ಆ ಹುಡುಗ ಬಂದ. ಇಪ್ಪತ್ತೈದರ ಆಸುಪಾಸು, ನೀಲಿ ಅಂಗಿ. ಕೈಯಲ್ಲಿ ವೋಟರ್ ಚೀಟಿ ಮಾತ್ರ. ಎಪಿಆರ್‌ಓ ಕ್ರಮಸಂಖ್ಯೆ, ಹೆಸರು ಗಟ್ಟಿಯಾಗಿ ಓದಿದರು. "ಕಾರ್ಡ್ ಎಲ್ಲಪ್ಪಾ?" ಅಂದರು. "ಮನ್ಯಾಗೈತ್ರಿ" ಅಂದ. ಏಜೆಂಟರಲ್ಲಿ ಒಬ್ಬರು, "ನಮ್ಮೂರ ಹುಡುಗನೇ ಬಿಡ್ರಿ ಮೇಡಂ, ಪಾಳಿ ನೋಡ್ರಿ ಎಷ್ಟುದ್ದ ಐತಿ" ಅಂದರು. ಉಳಿದ ಏಜೆಂಟರು ತಲೆ ತಗ್ಗಿಸಿ ಪಟ್ಟಿ ನೋಡುತ್ತಿದ್ದರು. ಅವರು ಬೇಕಾದರೆ ಎರಡು ರೂಪಾಯಿ ಕಟ್ಟಿ ತಕರಾರು ಮಾಡಬಹುದಿತ್ತು. ಇವನು ಅವನಲ್ಲ ಅನ್ನಬಹುದಿತ್ತು. ಏಜೆಂಟರನ್ನು ಕೂರಿಸುವುದೇ ಅದಕ್ಕೆ. ಯಾರೂ ಬಾಯಿ ಬಿಡಲಿಲ್ಲ.

ಎಪಿಆರ್‌ಓ ನನ್ನ ಕಡೆ ನೋಡಿದರು. ಹೊರಗೆ ಒಬ್ಬಳ ಮಗು ಬಿಸಿಲಿಗೆ ಅಳುತ್ತಿತ್ತು. ಒಂಬತ್ತು ಗಂಟೆಯ ಶೇಕಡಾವಾರು ಲೆಕ್ಕ ಕೊಡಿ ಅಂತ ಸೆಕ್ಟರ್ ಆಫೀಸರ್ ಫೋನ್ ಬರುವ ಹೊತ್ತು. ಪಟ್ಟಿಯಲ್ಲಿದ್ದ ಫೋಟೋ ಕಪ್ಪುಬಿಳುಪು, ಚಿಕ್ಕದು. ಆದರೆ ನೋಡಿದರೆ ಗೊತ್ತಾಗದಷ್ಟು ಕೆಟ್ಟದ್ದೇನೂ ಆಗಿರಲಿಲ್ಲ. ನಾನು ನೋಡಲಿಲ್ಲ. ಸುಮ್ನೆ ತಲೆ ಆಡಿಸಿದೆ.

ಹೆಸರಿನ ಮೇಲೆ ಗೆರೆ ಬಿತ್ತು. ಶಾಯಿ ಹಚ್ಚಿದರು. ರಿಜಿಸ್ಟರ್‌ನಲ್ಲಿ ಸಹಿ. ಬೀಪ್ ಶಬ್ದ. ಮುಂದಿನವರು.

ಮಧ್ಯಾಹ್ನ ಸಾಲು ಕರಗಿತು. ಬಿಸಿಯೂಟದ ಅಕ್ಕ ಒಗ್ಗಾಣಿ, ಮಿರ್ಚಿ ತಂದರು. ಒಬ್ಬರು ಮೊಬೈಲ್ ಹಿಡಿದು ಬಂದು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ 'ಚಾಲೆಂಜ್ ವೋಟ್' ಹಾಕಬಹುದಂತೆ, ವಾಟ್ಸಾಪಿನಲ್ಲಿ ಬಂದಿದೆ, ಕೊಡಿ ಅಂದರು. ಹೆಸರಿಲ್ಲದಿದ್ದರೆ ವೋಟಿಲ್ಲ, ಅದು ಸುಳ್ಳು ಮೆಸೇಜು ಅಂತ ಸಮಾಧಾನವಾಗಿ ಹೇಳಿ ಕಳಿಸಿದೆ. ನಿಯಮ ಚೆನ್ನಾಗಿ ಗೊತ್ತಿದೆ ಅನ್ನುವ ಧೈರ್ಯ ಆಗ ಇನ್ನೂ ಇತ್ತು.

ನಾಲ್ಕು ಗಂಟೆ ಆಗಿರಬಹುದು. ಹೆಗಲಿಗೆ ಬ್ಯಾಗು, ಸಿಮೆಂಟಿನ ಕಲೆಯ ಚಪ್ಪಲಿ, ಮುಖಕ್ಕೆ ನೀರು ಹಾಕಿಕೊಂಡು ನೇರವಾಗಿ ಬಂದಿದ್ದ ಒಬ್ಬ ಬಾಗಿಲಲ್ಲಿ ನಿಂತ. ಕೈಯಲ್ಲಿ ಎಪಿಕ್ ಕಾರ್ಡ್ ಸಿದ್ಧವಾಗಿತ್ತು. ಬೆಂಗಳೂರಿನಲ್ಲಿ ಗೌಂಡಿ ಕೆಲಸ. ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಹೊರಟಿದ್ದಾನೆ. ದಾರಿಯಲ್ಲಿ ಬಸ್ಸು ಕೆಟ್ಟು, ಇನ್ನೊಂದು ಹತ್ತಿ, ಸಿಂಧನೂರಿಗೆ ಬಂದು, ಅಲ್ಲಿಂದ ಟಂಟಂ ಹಿಡಿದು ಬಂದಿದ್ದಾನೆ.

ಎಪಿಆರ್‌ಓ ಕ್ರಮಸಂಖ್ಯೆ ಓದಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಹೆಸರಿನ ಮೇಲೆ ಕೆಂಪು ಗೆರೆ.

ನಾನು ಆಗ ಫೋಟೋ ನೋಡಿದೆ. ಕಾರ್ಡಿನಲ್ಲಿದ್ದ ಮುಖ, ಪಟ್ಟಿಯಲ್ಲಿದ್ದ ಮುಖ, ಎದುರಿಗಿದ್ದ ಮುಖ ಮೂರೂ ಒಂದೇ. ಎಡ ಹುಬ್ಬಿನ ಹತ್ತಿರ ಒಂದು ಗಾಯದ ಗುರುತು, ಪಟ್ಟಿಯ ಫೋಟೋದಲ್ಲೂ ಕಾಣುತ್ತಿತ್ತು. ಬೆಳಗ್ಗೆ ಬಂದವನ ಹುಬ್ಬಿನಲ್ಲಿ ಅದಿತ್ತಾ? ನನಗೆ ನೀಲಿ ಅಂಗಿ ಬಿಟ್ಟರೆ ಏನೂ ನೆನಪಿರಲಿಲ್ಲ. ರಿಜಿಸ್ಟರ್ ತೆಗೆದೆ. ಬೆಳಗ್ಗೆಯ ಸಹಿ ಓಡುಬರಹದ ಇಂಗ್ಲಿಷ್. ಇವನು ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆಯುವವನು.

ಅವನು ನಮ್ಮ ಎಎಸ್‌ಡಿ ಪಟ್ಟಿಯಲ್ಲಿ ಇರಲಿಲ್ಲ. ಊರಲ್ಲಿ ಇಲ್ಲದವರು, ಬಿಟ್ಟು ಹೋದವರು, ತೀರಿಹೋದವರ ಪಟ್ಟಿ ಅದು. ಅದರಲ್ಲಿರುವ ಹೆಸರಿಗೆ ಯಾರಾದರೂ ಬಂದರೆ ನಾವು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇವೆ, ಸಹಿಯ ಜೊತೆ ಹೆಬ್ಬೆಟ್ಟೂ ಒತ್ತಿಸಿಕೊಳ್ಳುತ್ತೇವೆ. ಗುಳೆ ಹೋಗಿ ಹಬ್ಬಕ್ಕೆ, ಬಿತ್ತನೆಗೆ ಬಂದುಹೋಗುವವರು ಆ ಪಟ್ಟಿಗೆ ಸೇರುವುದಿಲ್ಲ. ಊರಿನಲ್ಲಿ ಇದ್ದಾರೆ ಅಂತ ಲೆಕ್ಕ. ಆದರೆ ವೋಟಿನ ದಿನ ಅವರು ಬರುವುದಿಲ್ಲ ಅನ್ನೋದು ಊರಿಗೆಲ್ಲ ಗೊತ್ತು. ಬೇರೆಯವರು ಕೈ ಹಾಕುವುದು ಇಂಥ ಹೆಸರುಗಳಿಗೇ.

ನಿಯಮ ಇದೆ. 49-ಪಿ. ತನ್ನ ಹೆಸರಿನಲ್ಲಿ ಆಗಲೇ ವೋಟು ಬಿದ್ದಿದ್ದರೆ, ನಿಜವಾದ ಮತದಾರನಿಗೆ ಟೆಂಡರ್ಡ್ ಬ್ಯಾಲೆಟ್ ಪೇಪರ್ ಕೊಡಬೇಕು. ಮಷೀನಿನಲ್ಲಿ ಹಾಕುವಂತಿಲ್ಲ. ಯಾವತ್ತೂ ಬೇಕಾಗಲ್ಲ ಅಂದಿದ್ದ ಕಟ್ಟಿನಿಂದ ಒಂದು ಪೇಪರ್ ಹರಿದೆ. ಫಾರಂ 17-ಬಿಯಲ್ಲಿ ಅವನಿಂದ ಸಹಿ ಹಾಕಿಸಿಕೊಂಡೆ. ಬಾಣದ ಗುರುತಿನ ರಬ್ಬರ್ ಸ್ಟಾಂಪು ಕೊಟ್ಟೆ. ಅವನು ಮರೆಗೆ ಹೋಗಿ, ಒತ್ತಿ, ನಾಲ್ಕು ಮಡಿಕೆ ಮಾಡಿ ತಂದ. ನಾನು ಕವರಿನೊಳಗೆ ಹಾಕಿದೆ.

"ಇದನ್ನ ಎಣಸ್ತಾರೇನ್ರೀ ಮೇಡಂ?"

ಹೌದು ಅಂದುಬಿಟ್ಟಿದ್ದರೆ ಅವನು ಹೊರಟುಹೋಗುತ್ತಿದ್ದ. ಎಪಿಆರ್‌ಓ ಕಣ್ಣಲ್ಲೇ ಹಾಗೆ ಹೇಳಿಬಿಡಿ ಅನ್ನುತ್ತಿದ್ದರು.

"ಇಲ್ಲಪ್ಪ. ಎಣಿಕೆಗೆ ಹೋಗಲ್ಲ. ಚುನಾವಣೆ ಮೇಲೆ ಕೋರ್ಟಿನಲ್ಲಿ ಕೇಸಾಗಿ, ಕೋರ್ಟು ಹೇಳಿದರೆ ಮಾತ್ರ ಇದನ್ನ ತೆಗೆದು ನೋಡ್ತಾರೆ."

ಅವನು ಸ್ವಲ್ಪ ಹೊತ್ತು ಕವರ್ ನೋಡಿದ. "ಎರಡು ದಿನದ ಪಗಾರ ಬಿಟ್ಟು ಬಂದೀನ್ರಿ" ಅಂದ. ಸಿಟ್ಟಿನಿಂದ ಅಲ್ಲ, ಲೆಕ್ಕ ಹೇಳುವ ಹಾಗೆ. ಆಮೇಲೆ, "ಹಾಕಿದಾವ ನಿಮ್ಮ ಮುಂದೇ ಹಾಕಿದ್ನಲ್ರೀ. ಫೋಟೋ ನೋಡ್ಲಿಲ್ಲೇನ್ರಿ?" ಅಂದ.

"ಇಲ್ಲ. ನೋಡಲಿಲ್ಲ. ನನ್ನ ತಪ್ಪು" ಅಂದೆ.

ಅವನು ಏನೂ ಅನ್ನಲಿಲ್ಲ. ಬ್ಯಾಗು ಎತ್ತಿಕೊಂಡು ಹೋದ. ಬೆಳಗ್ಗೆ "ನಮ್ಮೂರ ಹುಡುಗನೇ" ಅಂದಿದ್ದ ಏಜೆಂಟರನ್ನು ಕೇಳಿದೆ. "ಯಾವ ಹುಡುಗರೀ, ನೂರಾರು ಮಂದಿ ಬಂದಾರ, ನೆನಪಿಲ್ಲ" ಅಂದರು. ಬೇರೆಯವರ ಹೆಸರಿನಲ್ಲಿ ವೋಟು ಹಾಕುವುದು ಅಪರಾಧ, ಆಗ ಜಾರಿಯಲ್ಲಿದ್ದ ಐಪಿಸಿಯ 171-ಡಿ. ಆದರೆ ದೂರು ಕೊಡುವುದು ಯಾರ ಮೇಲೆ? ಮುಖವನ್ನೇ ನೋಡದ ಮೇಲೆ ಗುರುತು ಹೇಳುವುದು ಹೇಗೆ?

ಐದು ಗಂಟೆಯ ಹೊತ್ತಿಗೆ ಇನ್ನೊಂದು ಬಂತು. ಇಡೀ ದಿನ ಒಬ್ಬರ ಮುಖ ಒಬ್ಬರು ನೋಡದಿದ್ದ ಎರಡು ಕಡೆಯ ಏಜೆಂಟರು ಒಟ್ಟಿಗೆ ನನ್ನ ಟೇಬಲ್ ಬಳಿ ಬಂದರು. ಜೊತೆಗೆ ಊರಿನ ಹಿರಿಯರು ಒಬ್ಬರು. ದನಿ ಮೆತ್ತಗಿತ್ತು. "ಟೀಚರಮ್ಮ, ಗುಳೆ ಹೋದವರ ವೋಟು ಮೂವತ್ತು ಉಳಿದಾವ. ಸುಮ್ನೆ ಹಾಳಾಗ್ತಾವ. ಇವರಿಗರ್ಧ, ಅವರಿಗರ್ಧ. ಯಾರಿಗೂ ತಕರಾರಿಲ್ಲ. ಮ್ಯಾಲಿಂದ ನಿಮಗೂ ಪರ್ಸೆಂಟೇಜ್ ಚಲೋ ಬರ್ತೈತಿ."

ನನಗೆ ಹೆದರಿಕೆಗಿಂತ ಬೇಸರ ಜಾಸ್ತಿ ಆಯಿತು. ಸಮ ಸಮ ಹಂಚಿಕೊಂಡರೆ ಅನ್ಯಾಯ ಇಲ್ಲ ಅಂತ ಅವರು ನಿಜವಾಗಿಯೂ ನಂಬಿದ್ದರು. ಅವರ ಲೆಕ್ಕದಲ್ಲಿ ವೋಟು ಪಕ್ಷಗಳ ಆಸ್ತಿ. ಅದರ ಹಿಂದೆ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುವ ಒಬ್ಬ ಮನುಷ್ಯ ಇದ್ದಾನೆ ಅನ್ನುವುದೇ ಅವರ ತಲೆಗೆ ಬಂದಿರಲಿಲ್ಲ. ಬೆಳಗ್ಗೆ ನನ್ನ ತಲೆಗೂ ಬಂದಿರಲಿಲ್ಲ.

"ಆಗಲ್ಲ" ಅಂದೆ. "ಕಾರ್ಡ್ ಇದ್ದವರು ಮಾತ್ರ. ಒಬ್ಬೊಬ್ಬರ ಮುಖ ನಾನೇ ನೋಡ್ತೀನಿ."

"ರಾತ್ರಿ ನಿಮ್ಮ ಬಸ್ಸು ಇದೇ ಊರಾಗಿಂದ ಹೋಗ್ಬೇಕಲ್ರೀ" ಅಂದರು ಹಿರಿಯರು. ಹಾಗಂತ ನಗುತ್ತಲೇ ಹೇಳಿದರು.

ಅವರ ಎದುರಿಗೇ ಸೆಕ್ಟರ್ ಆಫೀಸರ್‌ಗೆ ಫೋನ್ ಮಾಡಿದೆ. ಬಾಗಿಲಲ್ಲಿದ್ದ ಪೊಲೀಸಪ್ಪ ನನ್ನ ದನಿ ಕೇಳಿ ಒಳಗೆ ಬಂದು ನಿಂತರು. ಇಪ್ಪತ್ತು ನಿಮಿಷಕ್ಕೆ ಜೀಪು ಬಂತು. ಎಲ್ಲರೂ ಅವರವರ ಬೆಂಚಿಗೆ ಹೋಗಿ ಕೂತರು. ಹೇಳಿಕೊಳ್ಳುವ ಸಾಹಸವೇನೂ ಅಲ್ಲ, ಒಂದು ಫೋನು ಅಷ್ಟೇ. ಬೆಳಗ್ಗೆ ಒಂದು ಮಾತು ಕೇಳಿದ್ದರೂ ಸಾಕಾಗಿತ್ತು, ಕಾರ್ಡ್ ತಗೊಂಡು ಬಾ ಅಂತ.

ಅಷ್ಟರಲ್ಲಿ ನನ್ನ ಇಡಿಸಿ ನೆನಪಾಯಿತು. ಮಡಿಕೆ ಬಿಚ್ಚಿ ಎಪಿಆರ್‌ಓ ಕೈಗೆ ಕೊಟ್ಟೆ. ನನ್ನ ಹೆಸರನ್ನು ಪಟ್ಟಿಯ ಕೊನೆಗೆ ಸೇರಿಸಿದರು. "ನನ್ನ ಕಾರ್ಡ್ ನೋಡ್ರಿ ಸರ್" ಅಂದೆ. ಅವರು ಕಾರ್ಡ್ ನೋಡಿ, ನನ್ನ ಮುಖ ನೋಡಿದರು. ಒಳಗೆ ಹೋಗಿ ಗುಂಡಿ ಒತ್ತಿದೆ. ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಂಡು ಕೆಳಗೆ ಬಿತ್ತು. ಅಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದದ್ದು ಆ ಗೌಂಡಿಯ ಮುಖ. ನಾನು ಸಂಬಳ ಬಿಟ್ಟು ಬಂದಿರಲಿಲ್ಲ, ನಿಂತು ಪ್ರಯಾಣ ಮಾಡಿರಲಿಲ್ಲ. ನನ್ನದು ಎಣಿಕೆಗೆ ಹೋಗುತ್ತೆ.

ಆರಕ್ಕೆ ಸಾಲಿನಲ್ಲಿ ಏಳು ಜನ ಇದ್ದರು. ಸಾಲಿನ ಕೊನೆಯಿಂದ ಶುರು ಮಾಡಿ ಸಹಿ ಹಾಕಿದ ಚೀಟಿ ಹಂಚಿದೆ. ಹಿಂದಿನಿಂದ ಹಂಚಿದರೆ ಆಮೇಲೆ ಯಾರೂ ಬಂದು ಸೇರಿಕೊಳ್ಳಲು ಆಗುವುದಿಲ್ಲ. ಅವರದು ಮುಗಿದ ಮೇಲೆ ಕ್ಲೋಸ್ ಒತ್ತಿದೆ. ಏಜೆಂಟರಿಗೆ ಬಿದ್ದ ವೋಟುಗಳ ಲೆಕ್ಕದ ಫಾರಂ 17-ಸಿ ಪ್ರತಿ ಕೊಟ್ಟೆ. ಮಷೀನಿನ ಲೆಕ್ಕ, ರಿಜಿಸ್ಟರಿನ ಲೆಕ್ಕ ಒಂದಕ್ಕೊಂದು ತಾಳೆಯಾಯಿತು. ತಪ್ಪು ವೋಟು ಬಿದ್ದಿದ್ದರೂ ಲೆಕ್ಕ ತಾಳೆಯಾಗುತ್ತೆ. ಕಾಗದದಲ್ಲಿ ನಮ್ಮ ಮತಗಟ್ಟೆಯಲ್ಲಿ ಯಾವ ದೋಷವೂ ಇರಲಿಲ್ಲ.

ಉಳಿದದ್ದು ಪಿಆರ್‌ಓ ಡೈರಿ. ಅದರಲ್ಲಿ ಒಂದು ಕಾಲಂ: ಟೆಂಡರ್ಡ್ ವೋಟು ಎಷ್ಟು. 'ಒಂದು' ಅಂತ ಬರೆದೆ. ಅದರ ಕೆಳಗೆ ಕಾರಣವನ್ನೂ ಬರೆಯತೊಡಗಿದೆ. ಎಪಿಆರ್‌ಓ ಮೇಷ್ಟ್ರು ಬಗ್ಗಿ ಓದಿದರು. "ಮೇಡಂ, ಸಂಖ್ಯೆ ಸಾಕು. ಇದನ್ನ ಬರೀಬ್ಯಾಡ್ರಿ. ನೋಟಿಸ್ ಬರ್ತದ, ನಿಮ್ಮ ಸರ್ವಿಸ್‌ಗೆ ಕಪ್ಪು ಚುಕ್ಕಿ. ಹೋದ ವೋಟು ಹೆಂಗೂ ಬರಂಗಿಲ್ಲ." ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಆದರೂ ಬರೆದೆ. 'ಬೆಳಗ್ಗೆ ಈ ಕ್ರಮಸಂಖ್ಯೆಗೆ ಬಂದ ವ್ಯಕ್ತಿಯ ಗುರುತಿನ ದಾಖಲೆ ಪರಿಶೀಲಿಸದೆ ಮತ ಹಾಕಲು ನಾನು ಒಪ್ಪಿಗೆ ಕೊಟ್ಟಿದ್ದೇನೆ.' ಎಪಿಆರ್‌ಓ ಹೆಸರನ್ನು ಸೇರಿಸಲಿಲ್ಲ. ಅವರು ನನ್ನನ್ನು ಕೇಳಿದ್ದರು. ತಲೆ ಆಡಿಸಿದವಳು ನಾನು.

ರಾತ್ರಿ ಒಂದು ಗಂಟೆಗೆ ಡಿಮಸ್ಟರಿಂಗ್, ಅಂದರೆ ಸಾಮಾನು ವಾಪಸ್ ಒಪ್ಪಿಸುವುದು. ಕೌಂಟರಿನಲ್ಲಿದ್ದವರು ಕವರುಗಳನ್ನು ಒಂದೊಂದಾಗಿ ಟಿಕ್ ಮಾಡಿಕೊಂಡರು. "ಟೆಂಡರ್ಡ್, ಒಂದು. ಇಡ್ರಿ" ಅಂದರು. ಎರಡು ವಾರ ಗೊತ್ತಿಲ್ಲದ ನಂಬರಿನಿಂದ ಫೋನು ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಯಾರೂ ಕರೆಯಲಿಲ್ಲ, ನೋಟಿಸೂ ಬರಲಿಲ್ಲ.

ಜೂನ್ 4ಕ್ಕೆ ಎಣಿಕೆ ಆಯಿತು. ಕೊಪ್ಪಳದಲ್ಲಿ ಗೆಲುವಿನ ಅಂತರ 46 ಸಾವಿರಕ್ಕೂ ಹೆಚ್ಚು. "ನೋಡು, ಆ ಒಂದು ವೋಟಿನಿಂದ ಏನೂ ಆಗಿಲ್ಲ, ಇನ್ನಾದರೂ ಬಿಡು" ಅಂದರು ಮನೆಯವರು. ನನಗೆ ಬೇರೊಂದು ಲೆಕ್ಕ ನೆನಪಿತ್ತು. ಇದೇ ಮಸ್ಕಿಯಲ್ಲಿ 2018ರ ವಿಧಾನಸಭೆಗೆ ಗೆಲುವಿನ ಅಂತರ ಬರೀ 213. ಆ ಫಲಿತಾಂಶದ ಮೇಲೆ ಹೈಕೋರ್ಟಿಗೆ ತಕರಾರು ಅರ್ಜಿ ಹೋಯಿತು. 2019ರಲ್ಲಿ ಶಾಸಕರ ಸ್ಥಾನ ಖಾಲಿಯಾದಾಗ, ಆ ಅರ್ಜಿ ಬಾಕಿ ಇದ್ದದ್ದಕ್ಕೆ ಉಳಿದ ಕ್ಷೇತ್ರಗಳ ಜೊತೆ ಮಸ್ಕಿಗೆ ಉಪಚುನಾವಣೆ ಮಾಡಲಿಲ್ಲ. ಅದು ನಡೆದದ್ದು 2021ರ ಏಪ್ರಿಲ್ 17ಕ್ಕೆ. ಹತ್ತಿರ ಹತ್ತಿರ ಎರಡು ವರ್ಷ ಈ ಜನಕ್ಕೆ ಶಾಸಕರೇ ಇರಲಿಲ್ಲ. ಆದರೆ ಅಂತರ 213 ಇರಲಿ, 46 ಸಾವಿರ ಇರಲಿ, ಆ ಗೌಂಡಿಗೆ ಇದ್ದದ್ದು ಒಂದೇ ವೋಟು. ಅದು ಪೂರ್ತಿ ಹೋಯಿತು.

ಶಾಲೆ ಶುರುವಾದ ಮೇಲೆ ನಮ್ಮಲ್ಲಿ ಶಾಲಾ ಸಂಸತ್ತಿನ ಚುನಾವಣೆ ಮಾಡುತ್ತೇವೆ. ಮಕ್ಕಳೇ ಅಭ್ಯರ್ಥಿಗಳು, ಮಕ್ಕಳೇ ಅಧಿಕಾರಿಗಳು. ಹಿಂದಿನ ವರ್ಷಗಳಲ್ಲಿ ಹಾಜರಿ ಪುಸ್ತಕ ನೋಡಿ ವೋಟು ಹಾಕಿಸುತ್ತಿದ್ದೆವು. ಈ ಸಲ ಎಲ್ಲರಿಗೂ ಫೋಟೋ ಇರುವ ಐಡಿ ಕಾರ್ಡ್ ತರಲು ಹೇಳಿದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಪಿಆರ್‌ಓ ಕುರ್ಚಿಯಲ್ಲಿ ಕೂತಿದ್ದ. ಅವನ ಬೆಂಚಿನ ಗೆಳೆಯನೇ ಬಂದು ಎದುರಿಗೆ ನಿಂತ, ಬರಿಗೈಯಲ್ಲಿ.

"ಟೀಚರ್, ಇವ ನಮ್ಮ ಕ್ಲಾಸಿನವನೇ. ನಂಗೆ ಗೊತ್ತು. ಬಿಡ್ಲಾ?"

"ಗೊತ್ತಿದ್ದರೂ ಕಾರ್ಡ್ ಕೇಳು" ಅಂದೆ.

ಗೆಳೆಯ ಗೊಣಗುತ್ತಾ ಕ್ಲಾಸಿಗೆ ಓಡಿದ. ಸಾಲಿನಲ್ಲಿದ್ದವರು ಗಲಾಟೆ ಮಾಡಿದರು. ಅವನು ಕಾರ್ಡ್ ತಂದು ಟೇಬಲ್ ಮೇಲಿಟ್ಟ. ಪಿಆರ್‌ಓ ಹುಡುಗ ಫೋಟೋ ನೋಡಿದ, ತಲೆ ಎತ್ತಿ ಮುಖ ನೋಡಿದ, ಇನ್ನೊಂದು ಸಲ ಫೋಟೋ ನೋಡಿದ. ಆಮೇಲೆ ಹೆಸರು ಗಟ್ಟಿಯಾಗಿ ಓದಿದ.